ರಾಗಿ ಹೊಲದ ಒಂದು ಮನೆ: ಮೂರು ತಲೆಮಾರಿನ ಲೆಕ್ಕ

ಕಾಫಿ, ಅಡಿಕೆ ಬೆಳೆಯುವ ನಮಗೆ ರಾಗಿ ಹೊಲದ ವಿಚಾರ ಏತಕ್ಕೆ ಎಂದು ಸದಸ್ಯರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಸಂಘದ ಕಚೇರಿಗೆ ಬರುವವರು ಗೊಬ್ಬರ, ಸುಣ್ಣ, ಮೈಲುತುತ್ತದ ಮಾತು ಮುಗಿಸಿದ ಮೇಲೆ ಸ್ವಲ್ಪ ತಡೆದು ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. ತೋಟವನ್ನು ಅಣ್ಣತಮ್ಮಂದಿರಲ್ಲಿ ಪಾಲು ಮಾಡುವುದು ಹೇಗೆ? ಕೊಳವೆ ಬಾವಿಗೆ ಸಾಲ ಮಾಡಬಹುದೇ? ಮಕ್ಕಳು ಊರು ಬಿಟ್ಟ ಮೇಲೆ ನೋಡಿಕೊಳ್ಳುವವರು ಯಾರು? ಈ ಮೂರು ಪ್ರಶ್ನೆಗಳನ್ನೂ ನಮಗಿಂತ ಒಂದು ತಲೆಮಾರು ಮೊದಲೇ ಎದುರಿಸಿದವರು ಬೆಂಗಳೂರು ಸುತ್ತಿನ ಬಯಲುಸೀಮೆಯ ರೈತರು. ಅವರು ಎಲ್ಲಿ ಗೆದ್ದರು, ಎಲ್ಲಿ ಸೋತರು ಎಂಬುದನ್ನು ತಿಳಿದುಕೊಂಡರೆ ನಮಗೆ ನಷ್ಟವೇನೂ ಇಲ್ಲ.

ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದ್ದು 1986ರಲ್ಲಿ. 2007ರಲ್ಲಿ ರಾಮನಗರ ಬೇರೆಯಾದ ಮೇಲೆ ಅದರಲ್ಲಿ ಉಳಿದದ್ದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು. ನಾವು ಓದುತ್ತಿದ್ದ ದಿನಗಳಿಂದ ಪರಿಚಯವಿರುವ ಒಂದು ಮನೆ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿದೆ. ಹೆಸರು ಬೇಡ. ಅಂಥ ಮನೆಗಳು ಆ ಸೀಮೆಯಲ್ಲಿ ಊರಿಗೆ ಹತ್ತು ಸಿಗುತ್ತವೆ. ಆ ಮನೆಯನ್ನು ಮುಂದಿಟ್ಟುಕೊಂಡೇ ವಿಷಯ ಹೇಳುತ್ತೇವೆ.

ಹಳೆಯ ಲೆಕ್ಕ

ಅಜ್ಜನ ಕಾಲದಲ್ಲಿ ಆ ಮನೆಗೆ ಹದಿನಾರು ಎಕರೆ ಖುಷ್ಕಿ, ಕೆರೆಯ ಕೆಳಗೆ ಎರಡು ಎಕರೆ ತರಿ ಇತ್ತು. ಆ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ನಮ್ಮಲ್ಲಿ ಆಷಾಢ ಒಂದೇ ತಿಂಗಳಿನಲ್ಲಿ ಅಷ್ಟು ಸುರಿಯುವುದುಂಟು. ಅದರಲ್ಲೂ ಹೆಚ್ಚು ಭಾಗ ಬರುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಆದ್ದರಿಂದ ಅವರ ಬೇಸಾಯವೆಲ್ಲ ಆ ಎರಡು ತಿಂಗಳ ಮಳೆಗೆ ಪೈರು ತೆನೆಗಟ್ಟುವ ಹಾಗೆ ಹೊಂದಿಸಿದ್ದು. ಮಾಗಿ ಉಳುಮೆ ಮಾಡಿಟ್ಟ ಹೊಲಕ್ಕೆ ಬೇಸಿಗೆಯಲ್ಲಿ ಕೊಟ್ಟಿಗೆ ಗೊಬ್ಬರ ಹೊಡೆದು, ಮುಂಗಾರಿನಲ್ಲಿ ಮತ್ತೆ ಉತ್ತು, ಪುನರ್ವಸು ಪುಷ್ಯ ಮಳೆಗೆ ಕೂರಿಗೆ ಹೂಡಿ ರಾಗಿ ಬಿತ್ತುತ್ತಿದ್ದರು. ಪೈರು ಗೇಣುದ್ದ ಬರುವ ಮೊದಲೇ ಕುಂಟೆ, ಹಲುಬೆ ಆಡಿಸಿದರೆ ಕಳೆಯೂ ಸಾಯುತ್ತದೆ, ದಟ್ಟವಾದ ಪೈರೂ ತೆಳುವಾಗುತ್ತದೆ. ಉತ್ತರೆ, ಹಸ್ತದ ಮಳೆ ಕೈಕೊಡದಿದ್ದರೆ ಕಾರ್ತಿಕದ ಹೊತ್ತಿಗೆ ಕೊಯ್ಲು.

ಆದರೆ ಆ ಹೊಲದಲ್ಲಿ ಬರೀ ರಾಗಿ ಇರುತ್ತಿರಲಿಲ್ಲ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಹೊಲದ ಅಂಚಿಗೆ ಜೋಳ, ಹರಳು. ಇದಕ್ಕೆ ಅಕ್ಕಡಿ ಸಾಲು ಎನ್ನುತ್ತಾರೆ. ನೇಗಿಲಿನ ಹಿಂದೆ ಶಡ್ಡೆ ಕಟ್ಟಿ ಆ ಸಾಲುಗಳನ್ನು ಬಿತ್ತುವುದು. ರಾಗಿ ಕೊಯ್ಲಾದ ಮೇಲೂ ಅವರೆ, ತೊಗರಿ ಹೊಲದಲ್ಲಿ ನಿಂತು ಹಿಮದ ತೇವಕ್ಕೆ ಕಾಯಿ ಕೊಡುತ್ತವೆ. ಮಳೆ ಬೇಗ ನಿಂತರೆ ರಾಗಿ ಜೊಳ್ಳಾದರೂ ಬೇರು ಆಳಕ್ಕೆ ಹೋದ ತೊಗರಿ ಉಳಿಯುತ್ತದೆ. ನಮ್ಮ ಕಾಫಿ ತೋಟದ ನೆರಳಿನ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿ, ಕಾಫಿ ಕೆಟ್ಟ ವರ್ಷ ಮೆಣಸಿನಲ್ಲಿ ಸುಧಾರಿಸಿಕೊಳ್ಳುತ್ತೇವಲ್ಲ, ಅದೇ ಯುಕ್ತಿ ಇದು. ಮುಂದೆ ಕೃಷಿ ವಿಶ್ವವಿದ್ಯಾನಿಲಯದವರೂ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂದು ಇದನ್ನೇ ಅಳತೆಗೆ ತಂದು ಶಿಫಾರಸು ಮಾಡಿದರು.

ಕೆಲಸದ ಹಂಚಿಕೆಯೂ ಹಾಗೇ ಕಟ್ಟಿದ್ದು. ಯಜಮಾನನದು ಬಿತ್ತನೆ ಮತ್ತು ಲೇವಾದೇವಿ. ಒಬ್ಬ ತಮ್ಮನದು ಎತ್ತು ಮತ್ತು ಗಾಡಿ, ಇನ್ನೊಬ್ಬನದು ಗದ್ದೆ ಮತ್ತು ಕಪಿಲೆ ಬಾವಿ. ಬೀಜದ ತೆನೆ ಆಯ್ದು, ಒಣಗಿಸಿ, ಬೂದಿ ಬೆರೆಸಿ ಇಡುವುದು ಹೆಂಗಸರ ಕೆಲಸ. ನಾಟಿ, ಕಳೆ, ಕೊಯ್ಲಿಗೆ ಕೂಲಿಗಿಂತ ಮುಯ್ಯಾಳೇ ಹೆಚ್ಚು. ಮೆದೆ ಒಟ್ಟಿ, ಕಣ ಮಾಡಿ, ಕಲ್ಲಿನ ಗುಂಡು ಎಳೆಸಿ, ಗಾಳಿ ನೋಡಿ ತೂರಿದ ಮೇಲೆ ಮೊದಲು ಕಮ್ಮಾರ, ಬಡಗಿ, ತೋಟಿ, ನೀರುಗಂಟಿಗಳಿಗೆ ಆಯ ಅಳೆದು ಕೊಟ್ಟು, ಉಳಿದದ್ದು ಮನೆಗೆ. ಮನೆ ಖರ್ಚಿನದನ್ನು ವಾಡೆಗೆ ತುಂಬಿ ಮಿಕ್ಕಿದ್ದನ್ನು ಹಗೇವಿಗೆ ಇಳಿಸುತ್ತಿದ್ದರು. ರಾಗಿಗೆ ಹುಳು ಬೀಳುವುದಿಲ್ಲ. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಬರಗಾಲಕ್ಕೆ ಅದೇ ಅವರ ಬ್ಯಾಂಕು.

ಈ ಏರ್ಪಾಡಿನಲ್ಲಿ ಹಣ ಕಡಮೆ, ಭದ್ರತೆ ಹೆಚ್ಚು. ಆದರೆ ಅದನ್ನು ಹೊಗಳಿ ಕೂರುವುದೂ ಸರಿಯಲ್ಲ. ಅಜ್ಜನ ಕಾಲದ ಹೆಂಗಸರು ಬೆಳಗಿನ ಜಾವ ಎದ್ದು ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದರು. ಮದುವೆ, ಆಸ್ಪತ್ರೆ ಬಂದರೆ ಸಾಲವೇ ಗತಿ. ಭೂಮಿ ಇಲ್ಲದವನು ಜೀತದಲ್ಲಿ ಇರುತ್ತಿದ್ದ.

ಬೀಜ ಬದಲಾಯಿತು

ಮೊದಲ ಬದಲಾವಣೆ ಬಂದದ್ದು ಬೀಜದಲ್ಲಿ. ಇಲ್ಲಿ ನಮಗೂ ಸಂಬಂಧಪಟ್ಟ ಒಂದು ಹೆಸರನ್ನು ಹೇಳಲೇಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ದಾರಿ ತೋರಿಸಿದ ಡಾ. ಲೆಸ್ಲಿ ಕೋಲ್ಮನ್ ಅವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಆರಂಭವಾದಾಗ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದವರೂ ಅವರೇ. ಅವರ ಕಾಲದಲ್ಲೇ ಹೆಬ್ಬಾಳದ ಫಾರಂನಲ್ಲಿ ರಾಗಿಯ ತಳಿ ಆಯ್ಕೆಯೂ ನಡೆಯಿತು. ಅಂದರೆ ನಮ್ಮ ತೋಟಕ್ಕೂ ಆ ಹೊಲಕ್ಕೂ ಒಂದೇ ಕೈ ಚಿಕಿತ್ಸೆ ಮಾಡಿದೆ.

ಅದಕ್ಕಿಂತ ದೊಡ್ಡ ಹೆಜ್ಜೆ ಇಟ್ಟವರು ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದ ಡಾ. ಲಕ್ಷ್ಮಣಯ್ಯನವರು. ನಮ್ಮ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರ ಮಾಡಿ ಅವರು ಕೊಟ್ಟ ಇಂಡಾಫ್ ತಳಿಗಳು 1970ರ ದಶಕದಿಂದ ಬಯಲುಸೀಮೆಯ ಹೊಲ ಹೊಲಕ್ಕೂ ಹೋದವು. ರೈತರು ಅವರನ್ನು ರಾಗಿ ಬ್ರಹ್ಮ ಎಂದೇ ಕರೆದರು. ಆಮೇಲೆ ಬಂದ ಜಿಪಿಯು 28 ಬೆಂಕಿ ರೋಗವನ್ನು ತಡೆಯುವ ಗುಣದಿಂದ ನೆಲೆ ನಿಂತಿತು. ಮಳೆಯಾಶ್ರಯದಲ್ಲಿ ಎಕರೆಗೆ ಐದಾರು ಕ್ವಿಂಟಲ್ ನೋಡುತ್ತಿದ್ದ ಆ ಮನೆಯವರು ಒಳ್ಳೆಯ ವರ್ಷ ಹತ್ತು ಹನ್ನೆರಡು ಕ್ವಿಂಟಲ್ ಕಂಡರು. ಜೊತೆಗೆ ಬಂದದ್ದು ಚೀಲದ ಗೊಬ್ಬರ. ಹೋದದ್ದು ಮನೆಯ ಬೀಜ. ಬೀಜಕ್ಕೆ ವರ್ಷವೂ ಸೊಸೈಟಿಯ ಮುಂದೆ ನಿಲ್ಲುವ ಪದ್ಧತಿ ಅಲ್ಲಿಂದ ಶುರುವಾಯಿತು.

ನೀರು ಆಳಕ್ಕೆ ಇಳಿಯಿತು

ಎರಡನೆಯ ಬದಲಾವಣೆ ನೀರಿನದು. ಕೆರೆ ತುಂಬಿದಾಗ ನೀರುಗಂಟಿ ತೂಬು ಎತ್ತಿ ಸರದಿಯಂತೆ ಗದ್ದೆಗೆ ಬಿಡುತ್ತಿದ್ದ. ಕೆರೆಯಲ್ಲಿ ನೀರಿದ್ದರೆ ಬಾವಿಯಲ್ಲೂ ಇರುತ್ತಿತ್ತು. ಕಪಿಲೆ ಬಾವಿಗೆ ವಿದ್ಯುತ್ ಪಂಪು ಬಂದಾಗ ಎತ್ತು, ಆಳು ಎರಡಕ್ಕೂ ಬಿಡುವಾಯಿತು. ಎರಡು ಎಕರೆ ತರಿ ನಾಲ್ಕು ಎಕರೆ ಬಾಗಾಯ್ತಾಯಿತು. ಹಿಪ್ಪುನೇರಳೆ, ಬೆಂಗಳೂರು ನೀಲಿ ದ್ರಾಕ್ಷಿ, ತರಕಾರಿ ಬಂದವು. ದೇವನಹಳ್ಳಿ ತಾಲ್ಲೂಕಿನ ವಿಜಯಪುರ ರೇಷ್ಮೆಗೆ ಹೆಸರಾದ ಊರು. ಹುಳು ಮನೆ ಕಟ್ಟಿ, ನಾಲ್ಕು ಜ್ವರ ದಾಟಿಸಿ, ಚಂದ್ರಿಕೆಗೆ ಬಿಟ್ಟು ಗೂಡು ಬಿಡಿಸುವುದಕ್ಕೆ ಒಂದು ತಿಂಗಳಿಗಿಂತ ಕಡಮೆ ಸಮಯ. ವರ್ಷಕ್ಕೆ ಐದಾರು ಬೆಳೆ. ವರ್ಷಕ್ಕೊಮ್ಮೆ ಹಣ ನೋಡುತ್ತಿದ್ದ ಮನೆ ಎರಡು ತಿಂಗಳಿಗೊಮ್ಮೆ ನೋಡುವಂತಾಯಿತು. ಆ ಮನೆಯ ಹಂಚು ಹೋಗಿ ತಾರಸಿ ಬಂದದ್ದು ರೇಷ್ಮೆಯಿಂದ.

ಆದರೆ ಬಾವಿ ಬತ್ತಿತು. ಬಾವಿಯೊಳಗೆ ಬೋರು ಹಾಕಿದರು. ಅದೂ ಬತ್ತಿದ ಮೇಲೆ ಹೊರಗೆ ಕೊಳವೆ ಬಾವಿ ಕೊರೆಸಿದರು. ಆ ಮನೆಯ ಮೊದಲನೆಯ ಕೊಳವೆ ಬಾವಿಗೆ ಇನ್ನೂರು ಅಡಿಯೊಳಗೆ ನೀರು ಸಿಕ್ಕಿತ್ತು. ಈಗಿನದು ಸಾವಿರದ ಇನ್ನೂರು ಅಡಿ. ನಡುವೆ ಹುಸಿಯಾದವು ನಾಲ್ಕು. ಒಂದೊಂದಕ್ಕೂ ಸಾಲ. ಅಂತರ್ಜಲದ ಸರ್ಕಾರಿ ಪಟ್ಟಿಯಲ್ಲಿ ಈ ಜಿಲ್ಲೆಯ ತಾಲ್ಲೂಕುಗಳು ಅತಿಬಳಕೆಯ ಸಾಲಿನಲ್ಲಿವೆ. ಮಳೆಯಿಂದ ನೆಲದೊಳಕ್ಕೆ ಇಳಿಯುವುದಕ್ಕಿಂತ ಹೆಚ್ಚು ನೀರನ್ನು ಮೇಲೆತ್ತುತ್ತಿದ್ದಾರೆ ಎಂದು ಇದರ ಅರ್ಥ.

ಇದೇ ಹೊತ್ತಿಗೆ ಆಳಿನ ಅಭಾವ ಕಂಡವರು, ಊರು ಬಿಟ್ಟು ಪೇಟೆ ಸೇರಿದವರು 1980ರ ದಶಕದ ಸಾಮಾಜಿಕ ಅರಣ್ಯದ ಕಾಲದಲ್ಲಿ ಖುಷ್ಕಿ ಹೊಲಕ್ಕೆ ನೀಲಗಿರಿ ನೆಟ್ಟರು. ಹೊಸಕೋಟೆ ಕಡೆ ಇದು ಬಹಳ. ಒಮ್ಮೆ ನೆಟ್ಟರೆ ಐದಾರು ವರ್ಷಕ್ಕೊಮ್ಮೆ ಕಡಿದು ಮಾರುವುದು. ನೋಡಿಕೊಳ್ಳುವವರು ಬೇಡ. ಆದರೆ ಪಕ್ಕದ ಹೊಲದ ರಾಗಿ ಸೊರಗಿತು, ದನಕ್ಕೆ ಮೇವು ಹೋಯಿತು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು.

ಹಾಲು ಹಿಡಿದು ನಿಲ್ಲಿಸಿತು

ಇಷ್ಟಾದರೂ ಆ ಮನೆ ಬೀಳಲಿಲ್ಲ. ಏಕೆ ಎಂದು ಕೇಳಿದಾಗ ಮನೆಯೊಡತಿ ಕೊಟ್ಟಿಗೆಯ ಕಡೆ ಕೈ ತೋರಿಸಿದರು. 1974ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಹುಟ್ಟಿ, ಹಳ್ಳಿ ಹಳ್ಳಿಗೆ ಹಾಲು ಉತ್ಪಾದಕರ ಸಹಕಾರ ಸಂಘಗಳು ಬಂದವು. 1984ರಲ್ಲಿ ಅದೇ ಕರ್ನಾಟಕ ಹಾಲು ಮಹಾಮಂಡಲವಾಯಿತು. ಹಳ್ಳಿಕಾರ್ ಎತ್ತಿನ ಜೋಡಿ ಇದ್ದ ಕೊಟ್ಟಿಗೆಗೆ ಮಿಶ್ರತಳಿ ಹಸುಗಳು ಬಂದವು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಜೋಡಿ ಕೊಳ್ಳಲು ಹೋಗುತ್ತಿದ್ದ ಮನೆ, ಆಮೇಲೆ ಎತ್ತನ್ನೇ ಬಿಟ್ಟು ಬಾಡಿಗೆ ಟ್ರಾಕ್ಟರಿಗೆ ಇಳಿಯಿತು.

ಗಮನಿಸಿ. ರಾಗಿ ಬೆಳೆ ಉಳಿದದ್ದು ಕಾಳಿನಿಂದ ಮಾತ್ರವಲ್ಲ, ಹುಲ್ಲಿನಿಂದ. ರಾಗಿ ಹುಲ್ಲು ಹಸುವಿಗೆ, ಹಸುವಿನ ಗೊಬ್ಬರ ಹಿಪ್ಪುನೇರಳೆಗೆ, ರೇಷ್ಮೆ ಹುಳು ಬಿಟ್ಟ ಕಡ್ಡಿ ಮತ್ತೆ ಹಸುವಿಗೆ. ಈ ಸುತ್ತು ಎಲ್ಲಿ ಮುರಿಯಲಿಲ್ಲವೋ ಆ ಮನೆ ಉಳಿಯಿತು. ಎಲ್ಲಿ ಹುಲ್ಲು, ಗೊಬ್ಬರ, ಬೀಜ ಎಲ್ಲವನ್ನೂ ಅಂಗಡಿಯಿಂದ ತಂದರೋ ಅಲ್ಲಿ ಒಂದು ಹುಸಿ ಬೋರು ಸಾಕಾಯಿತು.

ಪಾಲು

ಹದಿನೆಂಟು ಎಕರೆ ಮೂರು ಗಂಡುಮಕ್ಕಳ ಪಾಲಿಗೆ ಬಂತು. ತಲೆಗೆ ಆರು ಎಕರೆ ಎಂದರೆ ಕೇಳಲು ಚೆನ್ನ. ಆದರೆ ಯಾರಿಗೂ ಅನ್ಯಾಯವಾಗಬಾರದೆಂದು ಪ್ರತಿ ಸರ್ವೆ ನಂಬರನ್ನೂ ಮೂರು ಸೀಳು ಮಾಡಿದರು. ಕೆಂಪು ನೆಲ, ಮರಳು ನೆಲ, ಕೆರೆಯಂಗಳದ ನೆಲ ಎಲ್ಲದರಲ್ಲೂ ಒಂದೊಂದು ಪಟ್ಟಿ. ನ್ಯಾಯವೇನೋ ಆಯಿತು. ಬೇಸಾಯ ಹಾಳಾಯಿತು. ಉದ್ದನೆಯ ಕಿರಿದಾದ ಪಟ್ಟಿಯಲ್ಲಿ ಟ್ರಾಕ್ಟರು ತಿರುಗಿಸಲು ಜಾಗವಿಲ್ಲ. ಬದುಗಳು ಮೂರು ಪಟ್ಟಾದವು. ಕೊಳವೆ ಬಾವಿ ಒಂದೇ. ಮೂರು ದಿನಕ್ಕೊಮ್ಮೆ ಸರದಿ, ಕರೆಂಟು ಇಲ್ಲದ ದಿನ ಯಾರ ಲೆಕ್ಕಕ್ಕೆ ಎಂದು ಜಗಳ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿಯೂ ದೇಶಕ್ಕೆಲ್ಲ 2005ರಲ್ಲಿ ಬಂದ ತಿದ್ದುಪಡಿಯೂ ಹೇಳುತ್ತವೆ. ಅದು ನ್ಯಾಯವಾದದ್ದೇ. ಆದರೆ ಅಕ್ಕತಂಗಿಯರನ್ನು ಕೇಳದೆ ಬರೆದ ಪಾಲುಪಟ್ಟಿಗಳು ಆಮೇಲೆ ಕೋರ್ಟಿನಲ್ಲಿ ಹತ್ತಾರು ವರ್ಷ ಕೊಳೆತದ್ದನ್ನು ಆ ಸೀಮೆಯಲ್ಲಿ ಬೇಕಾದಷ್ಟು ಕಾಣಬಹುದು.

ಅಷ್ಟರಲ್ಲಿ ಭೂಮಿಗೆ ಬೆಲೆ ಬಂತು. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಆರಂಭವಾಯಿತು. ನೆಲಮಂಗಲದ ಹೆದ್ದಾರಿ ಬದಿಯಲ್ಲಿ ಗೋದಾಮುಗಳು, ಹೊಸಕೋಟೆಯಲ್ಲಿ ಕಾರ್ಖಾನೆಗಳು ಎದ್ದವು. 2020ರ ಭೂ ಸುಧಾರಣಾ ತಿದ್ದುಪಡಿಯಿಂದ ಬೇಸಾಯಗಾರರಲ್ಲದವರೂ ಕೃಷಿ ಭೂಮಿ ಕೊಳ್ಳುವಂತಾಯಿತು. ಆ ಮನೆಯ ಮೂವರಲ್ಲಿ ಹಿರಿಯರು ತಮ್ಮ ಪಾಲನ್ನು ಮಾರಿ ಪೇಟೆಯಲ್ಲಿ ಮನೆ ಕಟ್ಟಿಸಿದರು. ನಡುವಿನವರು ಅರ್ಧ ಮಾರಿ ಮಗ್ಗ ಹಾಕಿದರು. ಕಿರಿಯರು, ಅಂದರೆ ನಮ್ಮ ಗೆಳೆಯರು, ಮಾರಲಿಲ್ಲ. ಮಾರಿದವರು ಕೆಟ್ಟರು, ಉಳಿಸಿಕೊಂಡವರು ಬಾಳಿದರು ಎಂದು ನೀತಿ ಹೇಳಲು ನಾವು ಹೊರಟಿಲ್ಲ. ಹಿರಿಯರು ಸುಖವಾಗಿದ್ದಾರೆ. ಆದರೆ ಮಾರಿದ ಹಣ ಎರಡು ಮದುವೆ, ಒಂದು ಮನೆಯಲ್ಲಿ ಮುಗಿಯಿತು, ಈಗ ಮಕ್ಕಳಿಗೆ ಕೊಡಲು ಏನೂ ಇಲ್ಲ ಎಂದು ಅವರೇ ನಮ್ಮೊಡನೆ ಹೇಳಿದ್ದುಂಟು.

ಮಾರುವುದೂ ಬಿಡುವುದೂ ರೈತನ ಇಷ್ಟಕ್ಕೆ ಬಿಟ್ಟ ವಿಷಯವಾಗಿಯೂ ಎಲ್ಲ ಕಡೆ ಉಳಿದಿರಲಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆಯನ್ನು ಕೈಗಾರಿಕೆಗೆ ಸ್ವಾಧೀನ ಮಾಡಿಕೊಳ್ಳುವ ಯೋಜನೆಯ ವಿರುದ್ಧ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕುಳಿತರು. ಮೂರು ವರ್ಷಕ್ಕೂ ಹೆಚ್ಚು ಕಾಲ ಎದ್ದಿರಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿದರು. ಇಚ್ಛೆಯಿಂದ ಕೊಡುವವರಿಂದ ಮಾತ್ರ ತೆಗೆದುಕೊಳ್ಳುವುದಾಗಿ ಹೇಳಿದರು. ಆ ಹೋಬಳಿಯಲ್ಲಿ ದ್ರಾಕ್ಷಿ, ರೇಷ್ಮೆ, ತರಕಾರಿ, ಹಾಲು ಎಲ್ಲವೂ ನಡೆಯುತ್ತಿವೆ. ವಾರ ವಾರ ಹಣ ಕೊಡುವ ಭೂಮಿಯನ್ನು ಬಿಟ್ಟುಕೊಡಲು ಜನ ಒಪ್ಪಲಿಲ್ಲ ಎಂಬುದು ನಮಗೆ ಕಂಡ ಕಾರಣ.

ಅಡಿಕೆ ಹಾಕಲೇ?

ಈಗ ನಮ್ಮ ಗೆಳೆಯರ ಆರು ಎಕರೆಯಲ್ಲಿ ಮೂರು ಎಕರೆ ರಾಗಿ, ಒಂದೂವರೆ ಎಕರೆ ಹಿಪ್ಪುನೇರಳೆ, ಅರ್ಧ ಎಕರೆ ಮೇವು, ಒಂದು ಎಕರೆ ತರಕಾರಿ. ಹಸು ನಾಲ್ಕು. 2014-15ರಲ್ಲಿ ಕ್ವಿಂಟಲಿಗೆ 1,550 ರೂಪಾಯಿ ಇದ್ದ ರಾಗಿಯ ಬೆಂಬಲ ಬೆಲೆ 2025-26ಕ್ಕೆ 4,886 ರೂಪಾಯಿ ಆಯಿತು. ಸರ್ಕಾರವೇ ಕೊಂಡು ಪಡಿತರದಲ್ಲಿ ಹಂಚುವುದರಿಂದ ರಾಗಿಗೆ ಮತ್ತೆ ಮಾನ ಬಂದಿದೆ. ಮಗ ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಾನೆ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿಯೇ ಹೋಗುತ್ತಾನೆ.

ಹಿಂದಿನ ಬೇಸಿಗೆಯಲ್ಲಿ ಅವರು ನಮ್ಮನ್ನು ಕೇಳಿದರು: "ಸ್ವಾಮಿ, ತರಕಾರಿ ಎಕರೆಗೆ ಅಡಿಕೆ ಇಟ್ಟುಬಿಡೋಣ ಅಂತ ಮಗ ಹೇಳ್ತಾನೆ. ನಿಮ್ಮ ಬೆಳೆ, ನೀವೇ ಹೇಳಿ." ಅಡಿಕೆ ಸಂಘದ ಕಾರ್ಯದರ್ಶಿಯಾಗಿ ಬೇಡ ಎನ್ನುವುದು ಹೇಗೆ? ಕಾಗದದಲ್ಲಿ ಲೆಕ್ಕ ಹಾಕಿದೆವು. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಗಿಡ. ಹನಿ ನೀರಾವರಿಯಲ್ಲೂ ಬೇಸಿಗೆಯ ದಿನ ಮರಕ್ಕೆ 16 ಲೀಟರ್ ಬೇಕು. ದಿನಕ್ಕೆ ಎಂಟೂವರೆ ಸಾವಿರ ಲೀಟರಿಗಿಂತ ಹೆಚ್ಚು. ಫಸಲು ಕಾಣಲು ಐದಾರು ವರ್ಷ, ಆಮೇಲೆ ಮೂವತ್ತು ನಲವತ್ತು ವರ್ಷ ಪ್ರತಿ ಬೇಸಿಗೆಯೂ ಅಷ್ಟೇ ನೀರು. ಅವರ ಕೊಳವೆ ಬಾವಿ ಯಾವುದೂ ಹತ್ತು ವರ್ಷ ಬಾಳಿಲ್ಲ. ಒಂದು ಬೇಸಿಗೆ ನೀರು ನಿಂತರೆ ರಾಗಿಗೆ ನಷ್ಟವಿಲ್ಲ, ಆಗ ಅದು ಹೊಲದಲ್ಲೇ ಇರುವುದಿಲ್ಲ. ಹಿಪ್ಪುನೇರಳೆ ಒಣಗಿದಂತೆ ಕಂಡರೂ ಮಳೆಗೆ ಚಿಗುರುತ್ತದೆ. ಅಡಿಕೆ ಮರದ ಸುಳಿ ಒಣಗಿದರೆ ಹೋದಂತೆಯೇ. ಈ ಮಾತನ್ನು ನೇರವಾಗಿ ಹೇಳಿದೆವು. ಮಗನಿಗೆ ಬೇಸರವಾಯಿತು. ಕೊನೆಗೆ ಕಾಲು ಎಕರೆಗೆ, 135 ಗಿಡ ಇಟ್ಟಿದ್ದಾರೆ. ಉಳಿದದ್ದು ತರಕಾರಿಯಾಗಿಯೇ ಇದೆ.

ನಮಗೆ ಇದರಿಂದ ಏನು?

ಅಲ್ಲಿಂದ ಹಿಂದಿರುಗುವಾಗ ಬಸ್ಸಿನಲ್ಲಿ ನಾವು ಯೋಚಿಸಿದ್ದು ನಮ್ಮ ಸದಸ್ಯರ ವಿಷಯವನ್ನೇ. ಮೊದಲನೆಯದಾಗಿ, ಪಾಲು ಮಾಡುವಾಗ ನೆಲವನ್ನು ಸೀಳುವುದಕ್ಕಿಂತ ಆದಾಯವನ್ನು ಹಂಚಿಕೊಳ್ಳುವುದು ಮೇಲು. ಸೀಳಲೇಬೇಕಾದರೆ ದಾರಿ, ಕೆರೆ, ಕಣ, ಮೋಟರು ಇವನ್ನು ಒಟ್ಟಿಗೆ ಇಟ್ಟುಕೊಂಡು, ಖರ್ಚು ಮತ್ತು ಸರದಿಯನ್ನು ಕಾಗದದ ಮೇಲೆ ಬರೆಯಬೇಕು. ಅಕ್ಕತಂಗಿಯರನ್ನು ಕರೆದು ಕೂರಿಸಿಕೊಂಡೇ ಬರೆಯಬೇಕು. ನಾಲ್ಕು ಎಕರೆ ಕಾಫಿಯನ್ನು ನಾಲ್ಕು ಪಾಲು ಮಾಡಿ ನಾಲ್ಕು ಪಲ್ಪರ್ ಕೊಂಡ ಮನೆ ನಮ್ಮಲ್ಲೂ ಉಂಟು.

ಎರಡನೆಯದು, ವರ್ಷಕ್ಕೊಮ್ಮೆ ಬರುವ ಹಣವನ್ನು ನಂಬಿದ ಮನೆಗೆ ವಾರಕ್ಕೊಮ್ಮೆ ಬರುವ ಸಣ್ಣ ಹಣವೊಂದು ಬೇಕು. ಅವರಿಗೆ ಅದು ಹಾಲು. ನಮಗೆ ಹಾಲೋ, ಬಾಳೆಯೋ, ಜೇನೋ, ಅವರವರ ಅನುಕೂಲ ನೋಡಿ ನಿರ್ಧರಿಸಬಹುದು.

ಮೂರನೆಯದು, ಕೊಳವೆ ಬಾವಿಗೆ ಸಾಲದ ಅರ್ಜಿ ಬರೆಯುವ ಮೊದಲು ತೋಟದ ಮೇಲ್ಭಾಗದ ಹಳ್ಳ, ಕೆರೆ, ಇಂಗುಗುಂಡಿಯನ್ನು ಒಮ್ಮೆ ನೋಡಿ ಬರುವುದು. ಅವರು ಕೆರೆಯ ಹೂಳು ತೆಗೆಯುವುದನ್ನು ಬಿಟ್ಟ ಮೇಲೆ ಬಾವಿ ಬತ್ತಿದವು. ಮಳೆ ಧಾರಾಳವಾಗಿರುವ ನಾವು ಅದೇ ತಪ್ಪು ಮಾಡಿದರೆ ಯಾರ ಮುಂದೆ ಹೇಳಿಕೊಳ್ಳುವುದು?

ನಾಲ್ಕನೆಯದು ಲೆಕ್ಕ. ಆ ಮನೆಯೊಡತಿ ಹಾಲಿನ ಪುಸ್ತಕದ ಹಿಂದಿನ ಪುಟದಲ್ಲಿ ಮನೆಗೆ ಬಳಸಿದ ರಾಗಿ, ಅವರೆ, ಹಾಲನ್ನೂ ಬೆಲೆ ಕಟ್ಟಿ ಬರೆಯುತ್ತಾರೆ. ಭೂಮಿ ಕೊಳ್ಳಲು ದಲ್ಲಾಳಿಗಳು ಬಂದಾಗ ಅವರು ಆ ಪುಸ್ತಕವನ್ನೇ ಗಂಡನ ಮುಂದೆ ಇಟ್ಟರಂತೆ. ಭೂಮಿ ವರ್ಷಕ್ಕೆ ಏನು ಕೊಡುತ್ತದೆ ಎಂಬುದು ಅಂಕಿಯಲ್ಲಿ ಕಾಣಿಸಿದ್ದರಿಂದಲೇ ಮಾರುವುದೋ ಬೇಡವೋ ಎಂಬ ತೀರ್ಮಾನ ಸಿಟ್ಟಿನಲ್ಲಿ ಆಗಲಿಲ್ಲ, ಆಸೆಯಲ್ಲೂ ಆಗಲಿಲ್ಲ.

ಅಂಥ ಲೆಕ್ಕದ ಪುಸ್ತಕ ಬೇಕಾದ ಸದಸ್ಯರು ಸಂಘದ ಕಚೇರಿಯಲ್ಲಿ ಕೇಳಿದರೆ ಗೆರೆ ಹಾಕಿಸಿ ಕೊಡುತ್ತೇವೆ. ಪಾಲಿನ ಮಾತು ಎತ್ತುವ ಮೊದಲು ಒಂದು ವರ್ಷದ ಲೆಕ್ಕ ಬರೆದು ನೋಡಿ. ಮನೆಯ ಹೆಂಗಸರ ಕೈಯಲ್ಲಿ ಬರೆಸಿದರೆ ಇನ್ನೂ ಒಳ್ಳೆಯದು.